ಭೂತಗನ್ನಡಿಯ ಬೆರಳು

ನಮ್ಮಕ್ಕನಿಗೆ ಮುದ್ರಣಾಲಯದಲ್ಲಿ ಇಟ್ಟಿರುವ ಹೆಸರು ಭೂತಗನ್ನಡಿ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಎದುರಿಗೆ ಎಲ್ಲರಿಗೂ ಅವಳು ಅಕ್ಕ. ಆದರೆ ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, "ಭೂತಗನ್ನಡಿ ಬಂತು" ಎಂದು ಮಷೀನಿನಿಂದ ಮಷೀನಿಗೆ ಸುದ್ದಿ ಹೋಗುತ್ತಿತ್ತಂತೆ. ಇದು ಅವಳಿಗೂ ಗೊತ್ತು. ಗೊತ್ತಿಲ್ಲದವಳ ಹಾಗೆ ಮುಖ ಮಾಡಿಕೊಂಡಿರುವುದರಲ್ಲಿ ಅವಳಿಗೊಂದು ಸುಖ. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಹಾಳೆಯ ಪ್ರೂಫ್ ಓದಿ, ತಪ್ಪು ಹಿಡಿದು, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುವುದು ಅವಳ ಕೆಲಸ. ನಾನು ಅವಳ ತಂಗಿ, ಒಂದನೇ ಕ್ಲಾಸಿನ ಟೀಚರು. ಇಪ್ಪತ್ನಾಲ್ಕು ವರ್ಷದಿಂದ ಮಕ್ಕಳಿಗೆ ಓದು ಕಲಿಸುತ್ತಿದ್ದೇನೆ. ಓದು ಅಂದರೇನು ಎಂದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಅನ್ನುವ ಜಂಬ ನನಗಿತ್ತು. ಆ ಜಂಬ ಇಳಿದದ್ದು ಹೇಗೆ ಅನ್ನುವುದನ್ನೂ ಹೇಳುತ್ತೇನೆ, ಮುಚ್ಚಿಟ್ಟು ಏನಾಗಬೇಕು?

ನಾವಿಬ್ಬರೂ ಇರುವುದು ಒಂದು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ, "ಬಂದ ಗಂಡುಗಳಲ್ಲೆಲ್ಲ ತಪ್ಪೇ ಕಾಣ್ತಿತ್ತು, ತಿದ್ದೋಣ ಅಂದ್ರೆ ಅಂಚಲ್ಲಿ ಜಾಗ ಇರಲಿಲ್ಲ" ಎಂದುಬಿಡುತ್ತಾಳೆ. ಆಮೇಲೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ಇಪ್ಪತ್ತನೇ ವಯಸ್ಸಿಗೆ ಮುದ್ರಣಾಲಯ ಸೇರಿದವಳು ಮೊದಲ ಒಂಬತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದಳು. ಒಂದೊಂದು ಅಕ್ಷರಕ್ಕೂ ಮರದ ಪೆಟ್ಟಿಗೆಯಲ್ಲಿ ಒಂದೊಂದು ಮನೆ. ಕಣ್ಣು ಬರೆದ ಹಾಳೆಯ ಮೇಲಿದ್ದರೆ ಬೆರಳು ತಾನಾಗಿಯೇ ಸರಿಯಾದ ಮನೆಗೆ ಹೋಗಿ ಮೊಳೆ ಎತ್ತಿಕೊಂಡು ಬರುತ್ತಿತ್ತು. ಸೀಸದ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಬೇರೆ ಕೆಲಸ ಹುಡುಕಿಕೊಂಡು ಹೋದರು. ಅಕ್ಕ ಮಾತ್ರ ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತಳು. ಅಲ್ಲಿ ಇಪ್ಪತ್ತಾರು ವರ್ಷ.

ಅವಳು ಪ್ರೂಫ್ ನೋಡುವ ರೀತಿಯೇ ಬೇರೆ. ಒಂದು ರಟ್ಟಿನ ಪಟ್ಟಿಯಿಂದ ಪುಟವನ್ನೆಲ್ಲ ಮುಚ್ಚಿ ಒಂದೇ ಸಾಲು ಕಾಣುವಂತೆ ಇಟ್ಟುಕೊಳ್ಳುತ್ತಿದ್ದಳು. ಔಷಧಿ ಡಬ್ಬಿಯೊಳಗೆ ಇಡುವ ಚೀಟಿಗಳಾದರೆ ಇನ್ನೂ ಬಿಗಿ. ಕೊನೆಯ ಪದದಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಮೊದಲ ಪದದ ತನಕ ಓದುತ್ತಿದ್ದಳು. "ಅದ್ಯಾಕಕ್ಕ ಹಾಗೆ?" ಎಂದು ನಾನೊಮ್ಮೆ ನಕ್ಕಿದ್ದೆ. ಅವಳು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಕೊಟ್ಟಳು. ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಓದು ಅಂದಳು, ಓದಿದೆ. ನಾಲ್ಕು ಸಲ ಓದಿಸಿದ ಮೇಲೆ ಬೆರಳಿಟ್ಟು ತೋರಿಸಿದಳು. ಒಂದು ಪದದಲ್ಲಿ ನಡುವಿನ ಅಕ್ಷರವೇ ಇರಲಿಲ್ಲ. ಇಲ್ಲದ ಅಕ್ಷರವನ್ನು ನಾನು ನಾಲ್ಕು ಸಲ ಓದಿದ್ದೆ!

"ಓದೋದು ಅಂದ್ರೆ ಅರ್ಧ ನೋಡೋದು, ಅರ್ಧ ಊಹೆ ಕಣೇ," ಅಂದಳು. "ಚೆನ್ನಾಗಿ ಓದೋರು ಅಕ್ಷರ ನೋಡೋದೇ ಇಲ್ಲ. ಕಣ್ಣು ಅಲ್ಲೊಂದು ಇಲ್ಲೊಂದು ಹೆಕ್ಕುತ್ತೆ, ಮಿಕ್ಕಿದ್ದನ್ನ ತಲೆ ತುಂಬಿಸಿಕೊಳ್ಳುತ್ತೆ. ನನ್ನ ಕೆಲಸದಲ್ಲಿ ಆ ತಲೇನೇ ನನ್ನ ಶತ್ರು. ಅರ್ಥದ ಬೆನ್ನು ಹತ್ತಿದ್ರೆ ತಪ್ಪು ಕೈ ಬಿಟ್ಟು ಹೋಗುತ್ತೆ."

ಅವಳ ಐವತ್ತೈದನೇ ವಯಸ್ಸಿನಲ್ಲಿ, ಒಂದು ಸಾಮಾನ್ಯ ಬೆಳಿಗ್ಗೆ ಅದು ನಡೆಯಿತು. ಅಕ್ಕ ಕುರ್ಚಿಯಲ್ಲಿ ಕೂತು ಪ್ರೂಫ್ ಎತ್ತಿಕೊಂಡವಳು, "ಏನಪ್ಪಾ ಇದು, ಮಸಿಯೆಲ್ಲ ಕಲಸಿಹೋಗಿದೆ" ಎಂದು ಮಷೀನು ನಡೆಸುವವರನ್ನು ಕರೆದು ಗದರಿದಳು. ಅವರು ಹಾಳೆ ನೋಡಿದರು, ಮಸಿ ಸರಿಯಾಗಿಯೇ ಇತ್ತು. ಭೂತಗನ್ನಡಿಗೆ ಎದುರು ಹೇಳುವುದುಂಟೇ? ಇನ್ನೊಂದು ಪ್ರತಿ ತಂದುಕೊಟ್ಟರು. ಅದಕ್ಕೂ ಬೈದಳು. ಮೂರನೆಯದನ್ನು ತಂದಾಗ ಸಿಟ್ಟಿನಿಂದ ಪೆನ್ಸಿಲ್ ತೆಗೆದು ಅಂಚಿನಲ್ಲಿ, "ಮತ್ತೆ ಅಚ್ಚು ಹಾಕಿ" ಎಂದು ದುಂಡಗೆ ಬರೆದಳು. ಬರೆದವಳು ಅದನ್ನೇ ನೋಡುತ್ತ ಕೂತುಬಿಟ್ಟಳಂತೆ. ಸ್ವಲ್ಪ ಹೊತ್ತಾದ ಮೇಲೆ ಬಹಳ ಮೆತ್ತಗೆ, "ನಾನೇನು ಬರೆದೆ ಇಲ್ಲಿ?" ಎಂದು ಕೇಳಿದಳಂತೆ. ಮಷೀನು ನಡೆಸುವವರು ಓಡಿಹೋಗಿ ನನಗೆ ಫೋನ್ ಮಾಡಿದರು.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ಹಿಡಿದು ವಿವರಿಸಿದರು. ಮೆದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಕೈಕಾಲಿಗೆ ಏನೂ ಆಗಿರಲಿಲ್ಲ. ಮಾತು ಸರಿಯಿತ್ತು, ನೆನಪು ಸರಿಯಿತ್ತು, ಬರೆಯಲು ಬರುತ್ತಿತ್ತು. ಓದು ಒಂದು ಮಾತ್ರ ಹೋಗಿತ್ತು.

"ಹುಟ್ಟುವಾಗ ಮೆದುಳಲ್ಲಿ ಓದೋಕೆ ಅಂತ ಜಾಗ ಇರೋದಿಲ್ಲ," ಅಂದರು ಅವರು. "ಮುಖ, ವಸ್ತು ಗುರುತು ಹಿಡಿಯೋ ಭಾಗದಲ್ಲೇ ಒಂದಷ್ಟನ್ನ ಅಕ್ಷರಕ್ಕೆ ಅಂತ ನಾವು ಕಲೀತಾ ಬಿಡಿಸಿಕೊಳ್ಳೋದು. ಇವರಿಗೆ ಕಣ್ಣೂ ಚೆನ್ನಾಗಿದೆ, ಭಾಷೆಯೂ ಚೆನ್ನಾಗಿದೆ. ಕಣ್ಣಿಂದ ಭಾಷೆಗೆ ಹೋಗೋ ದಾರಿ ಮುಚ್ಚಿದೆ."

"ಯಾವಾಗ ತೆರೆಯುತ್ತೆ?" ಅಕ್ಕ ಕೇಳಿದಳು.

"ಹೇಳೋಕಾಗಲ್ಲ," ಅಂದರು ಡಾಕ್ಟರಮ್ಮ. ಅವರು ಸುಳ್ಳು ಹೇಳದೆ ಇದ್ದದ್ದಕ್ಕೆ ಅಕ್ಕ ಅವರನ್ನು ಅವತ್ತಿನಿಂದಲೇ ಮೆಚ್ಚಿದಳು. ನನಗೆ ಮಾತ್ರ ಅವರ ಮೇಲೆ ಕೆಟ್ಟ ಕೋಪ ಬಂದಿತ್ತು.

ಚಿಕ್ಕ ಯಜಮಾನರು, ಅಂದರೆ ಮುದ್ರಣಾಲಯ ಕಟ್ಟಿದ ಹಳೆಯ ಯಜಮಾನರ ಮಗ, ಹಣ್ಣು ಹಿಡಿದುಕೊಂಡು ನೋಡಲು ಬಂದರು. "ನಿಮ್ಮ ಕುರ್ಚಿ ನಿಮ್ಮದೇ ಅಕ್ಕ, ಎಷ್ಟು ದಿನ ಬೇಕಾದ್ರೂ ತಗೊಳ್ಳಿ" ಅಂದರು. ಅಕ್ಕ ಆ ಒಂದು ಮಾತನ್ನು ಗಂಟು ಹಾಕಿಕೊಂಡಳು. ಅವಳಿಗೆ ಬೇರೆ ಆಸೆಗಳೇ ಇರಲಿಲ್ಲ. ಆ ಕಿಟಕಿ, ಆ ಕುರ್ಚಿ, ಆ ಪೆನ್ಸಿಲ್. ಅಲ್ಲಿಗೆ ವಾಪಸ್ ಹೋಗಬೇಕು.

ಮನೆಯಲ್ಲಿ ದಿನಗಳು ಸುಲಭವಾಗಿರಲಿಲ್ಲ. ಉಪ್ಪು, ಸಕ್ಕರೆ ಡಬ್ಬಿಗಳ ಮೇಲೆ ನಾನು ಚಿತ್ರ ಅಂಟಿಸಿದರೆ ಅವಳು ಕಿತ್ತೆಸೆದು, ತಾನೇ ಚೀಟಿ ಬರೆದು ಅಂಟಿಸಿದಳು. ಮುತ್ತಿನಂಥ ಅಕ್ಷರ. ಮರುದಿನ ಟೀಗೆ ಉಪ್ಪು ಬಿತ್ತು. ಬರೆದವಳೂ ಅವಳೇ, ಓದಲಾರದವಳೂ ಅವಳೇ. ಆ ಟೀಯನ್ನು ಅವಳು ಮುಖ ಗಂಟಿಕ್ಕದೆ ಕುಡಿದು ಮುಗಿಸಿದಳು, ನಾನು ಬಾಗಿಲ ಹೊರಗೆ ಹೋಗಿ ಅತ್ತೆ. ನಾನು ಪುಸ್ತಕ ಓದಿ ಹೇಳುತ್ತೇನೆಂದರೆ ಕೇಳಳು. ಪೇಪರ್ ಓದುತ್ತೇನೆಂದರೆ, "ನಿನ್ನ ಒಂದನೇ ಕ್ಲಾಸಲ್ಲಿ ಓದು ಹೋಗು" ಎನ್ನುವಳು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನಮ್ಮಕ್ಕ.

ಒಂದು ಭಾನುವಾರ ಮಧ್ಯಾಹ್ನ ನಮಗೆ ದೊಡ್ಡ ಜಗಳವಾಯಿತು. ನಾನು ಶಾಲೆಯಿಂದ ಮಕ್ಕಳ ಅಕ್ಷರದ ಹಲಗೆ ತಂದಿದ್ದೆ. ಅವಳಿಗೆ ಅದನ್ನು ತೋರಿಸಿದ್ದೇ ತಪ್ಪಾಯಿತು. "ನನಗೇ ಅಕ್ಷರ ಕಲಿಸೋಕೆ ಬಂದ್ಯಾ? ನಿನಗೆ ಅಕ್ಷರ ಕಲಿಸಿದ್ದು ಯಾರು?" ಎಂದು ಕೂಗಾಡಿ, ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಕೂತಳು.

ಕಲಿಸಿದ್ದು ಅವಳೇ, ಸುಳ್ಳಲ್ಲ. ಏಳು ವರ್ಷವಾದರೂ ನನಗೆ ಓದು ಹತ್ತಿರಲಿಲ್ಲ. ಅಕ್ಷರಗಳು ನನಗೆ ಕಬ್ಬಿಣದ ಕಡಲೆಯಾಗಿದ್ದವು. "ಇವಳ ತಲೆಗೆ ಏನೂ ಇಳಿಯಲ್ಲ" ಎಂದು ಅಪ್ಪ ಕೈಬಿಟ್ಟಿದ್ದರು. ಆಗ ಹದಿಮೂರರ ಅಕ್ಕ ನನ್ನನ್ನು ಮುಂದೆ ಕೂರಿಸಿಕೊಂಡು, ಬೆನ್ನ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಹೇಳಿಸುತ್ತಿದ್ದಳು. ತಲೆಗೆ ಇಳಿಯದ್ದು ಬೆನ್ನಿನಿಂದ ಇಳಿಯಿತು. ನನ್ನ ಕ್ಲಾಸಿನಲ್ಲಿ ಇವತ್ತಿಗೂ ಮಕ್ಕಳು ಒಬ್ಬರ ಬೆನ್ನ ಮೇಲೆ ಒಬ್ಬರು ಬರೆಯುತ್ತಾರೆ, ಅದು ನನ್ನ ಜಾಣತನ ಎಂದು ಮುಖ್ಯೋಪಾಧ್ಯಾಯರು ತಿಳಿದಿದ್ದಾರೆ.

ನನಗೂ ಮೈಯೆಲ್ಲ ಉರಿಯುತ್ತಿತ್ತು. ಬೈಯೋಣವೆಂದರೆ ಕಾಯಿಲೆಯವಳು. ಸಿಟ್ಟಿಗೆ ಅವಳ ಬೆನ್ನ ಮೇಲೆ ಬೆರಳಿನಿಂದ ಗೀಚಿದೆ: ಹಟಮಾರಿ.

"ನೀನು ಹಟಮಾರಿ," ಅಂದಳು ಅಕ್ಕ, ತಿರುಗದೆ.

ಇಬ್ಬರೂ ಕಲ್ಲಾದೆವು. ಕೆಳಗೆ ದರ್ಜಿಯ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು.

"ಇನ್ನೊಂದು ಬರಿ," ಅಂದಳು. 'ಕಿಟಕಿ' ಎಂದು ಬರೆದೆ. ಹೇಳಿದಳು. 'ಪೆನ್ಸಿಲ್' ಬರೆದೆ. ಹೇಳಿದಳು. ಕೆಣಕೋಣವೆಂದು 'ಉಪ್ಪಿನ ಟೀ' ಎಂದು ಬರೆದೆ. ಅವಳು ನಕ್ಕಳು, ತಿರುಗಿ ನನ್ನ ಕೈ ಹಿಡಿದುಕೊಂಡು ಅತ್ತಳು. ಮೂರು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು. ಕಣ್ಣಿನ ದಾರಿ ಮುಚ್ಚಿದ್ದರೇನು, ಮೈಗೆ ಗೊತ್ತಿರುವ ದಾರಿ ತೆರೆದೇ ಇತ್ತು!

ಆಮೇಲಿನ ಕೆಲಸವೆಲ್ಲ ಅವಳದೇ. ಪುಟದ ಮೇಲಿನ ಅಕ್ಷರದ ಅಂಕುಡೊಂಕನ್ನು ಕಣ್ಣಿನಿಂದ ನೋಡುತ್ತ, ಅದನ್ನೇ ಬೆರಳಿನಿಂದ ತೊಡೆಯ ಮೇಲೆ ಬರೆದುಕೊಳ್ಳುವುದು. ಬೆರಳು ತಿರುಗಿ ಮುಗಿಸಿದ ಕ್ಷಣ ಅಕ್ಷರ ಬಾಯಿಗೆ ಬರುತ್ತಿತ್ತು. ಒಂದು ಅಕ್ಷರ, ಇನ್ನೊಂದು, ಕೆಳಗಿನ ಒತ್ತು, ಎಲ್ಲ ಕೂಡಿಸಿದರೆ ಒಂದು ಪದ. ಮೊದಮೊದಲು ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಲೋಟ ಟೀ ಆರಿಹೋಗುತ್ತಿತ್ತು. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ" ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದಳು. ಎರಡು ತಿಂಗಳಲ್ಲಿ ಬೆರಳಿನ ಓಡಾಟ ಸಣ್ಣದಾಗುತ್ತ ಬಂದು, ಕೊನೆಗೆ ತೋರುಬೆರಳು ಹೆಬ್ಬೆರಳನ್ನು ಸವರಿದಷ್ಟೇ ಆಯಿತು. ನೋಡಿದವರಿಗೆ ಸೆರಗಿನ ದಾರ ಹೊಸೆಯುತ್ತಿದ್ದಾಳೆ ಅನ್ನಿಸಬೇಕು. ಆದರೂ ಒಂದು ಪುಟಕ್ಕೆ ಒಂದು ಗಂಟೆ. ಹಿಂದಾದರೆ ಆ ಒಂದು ಗಂಟೆಯಲ್ಲಿ ಇಪ್ಪತ್ತು ಪುಟ ನೋಡುತ್ತಿದ್ದಳು.

ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಚಿಕ್ಕ ಯಜಮಾನರು ನನ್ನನ್ನು ಶಾಲೆಯ ಬಳಿ ಭೇಟಿಯಾಗಿ, ಬಹಳ ಸಂಕೋಚದಿಂದ, ಅಕ್ಕನಿಗೆ ಬೀಳ್ಕೊಡುಗೆ ಮಾಡಬೇಕೆಂದಿದ್ದೇವೆ ಅಂದರು. ಒಳ್ಳೆಯವರೇ. ಪ್ರೂಫ್ ನೋಡಲು ಹೊಸದಾಗಿ ಬಂದ ಇಬ್ಬರಿಂದ ಕೆಲಸ ಹೇಗೋ ಸಾಗುತ್ತಿತ್ತು. ಒಮ್ಮೆ ಔಷಧಿ ಚೀಟಿಯ ಕಂತೆಯೇ ತಪ್ಪಿದೆಯೆಂದು ವಾಪಸ್ ಬಂದಿತ್ತು, ಆದರೂ ಸಾಗುತ್ತಿತ್ತು. ಅಕ್ಕನಿಗೆ ಬೆರಳಿನಿಂದ ಓದಲು ಬರುತ್ತದೆ ಎಂದು ನಾನು ಹೇಳಿದೆ. "ತುಂಬ ಸಂತೋಷ ಟೀಚರ್," ಅಂದರು. "ಆದ್ರೆ ಗಂಟೆಗೆ ಒಂದು ಪುಟ..." ಅಷ್ಟಕ್ಕೇ ನಿಲ್ಲಿಸಿದರು. ನಾನೂ ಅಷ್ಟಕ್ಕೇ ನಿಲ್ಲಿಸಿದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ.

"ನೀನೇ ಹೋಗಿ ಒಂದು ಮಾತು ಕೇಳಬಾರದಾ, ಅಕ್ಕ?"

"ಕುರ್ಚಿ ನಿಮ್ಮದೇ ಅಂದೋರು ಅವರು. ನಾನು ಹೋಗಿ ಅಂಗಲಾಚಲ್ಲ," ಅಂದಳು. "ಬೀಳ್ಕೊಡುಗೆಗೆ ಹೋಗೋಣ. ಕುರ್ಚಿನಾದ್ರೂ ಒಂದು ಸಲ ನೋಡಿದ ಹಾಗಾಗುತ್ತೆ."

ಬೀಳ್ಕೊಡುಗೆಗೆ ಎರಡು ದಿನ ಮೊದಲು ಅಭಿನಂದನಾ ಪತ್ರದ ಒಂದು ಪ್ರತಿ ಗುಟ್ಟಾಗಿ ನನ್ನ ಶಾಲೆಗೆ ಬಂತು. ಟೀಚರು ಒಂದು ಸಲ ಕಣ್ಣಾಡಿಸಲಿ ಎಂದು ಚಿಕ್ಕ ಯಜಮಾನರೇ ಕಳಿಸಿದ್ದರು. ದೊಡ್ಡ ಅಕ್ಷರದ ಹತ್ತು ಸಾಲು. ಓದಿದೆ, ಕಣ್ಣು ತುಂಬಿ ಬಂತು. ಮತ್ತೆ ಓದಿದೆ. ಮೂರನೆಯ ಸಲ ಸಹೋದ್ಯೋಗಿಗಳಿಗೂ ಗಟ್ಟಿಯಾಗಿ ಓದಿ ತೋರಿಸಿದೆ. "ತುಂಬ ಚೆನ್ನಾಗಿದೆ, ಒಂದು ಅಕ್ಷರವೂ ತಿದ್ದುವಂತಿಲ್ಲ" ಎಂದು ಕೆಳಗೆ ಬರೆದು ಸಹಿ ಮಾಡಿ ಕಳಿಸಿದೆ.

ಬೀಳ್ಕೊಡುಗೆಯ ದಿನ ಮುದ್ರಣಾಲಯದ ಪುಸ್ತಕ ಹೊಲಿಯುವ ಕೋಣೆಯಲ್ಲಿ ಕಾಗದದ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಹಾಕಿದ್ದರು. ಒಂದು ಇಪ್ಪತ್ತು ಜನ. ಅಕ್ಕನನ್ನು ಮೇಜಿನ ಪಕ್ಕ ಕೂರಿಸಿದರು. ತೆರೆದ ಬಾಗಿಲಿನಿಂದ ಆಚೆ ಅವಳ ಕಿಟಕಿ ಕಾಣುತ್ತಿತ್ತು, ಅವಳು ಆ ಕಡೆಯೇ ನೋಡುತ್ತಿದ್ದಳು. ಚಿಕ್ಕ ಯಜಮಾನರು ಚೌಕಟ್ಟು ಹಾಕಿಸಿದ ಪತ್ರವನ್ನು ಎತ್ತಿ ಹಿಡಿದು, ನೀರು ಹರಿದ ಹಾಗೆ ಓದಿದರು. "ಮೂವತ್ತೈದು ವರ್ಷ, ಒಂದೂ ತಪ್ಪು ನುಸುಳದಂತೆ ನಮ್ಮ ಮುದ್ರಣಾಲಯದ ಕಣ್ಣಾಗಿ ದುಡಿದ ಅಕ್ಕನವರಿಗೆ..." ಎಲ್ಲರೂ ಚಪ್ಪಾಳೆ ತಟ್ಟಿದರು. ಪತ್ರವನ್ನು ಅವಳ ಕೈಗಿತ್ತು, "ಎರಡು ಮಾತು ಆಡಿ, ಅಕ್ಕ" ಅಂದರು.

ಅಕ್ಕ ಎದ್ದು ನಿಂತು, ಪತ್ರವನ್ನು ಮೇಜಿನ ಮೇಲಿಟ್ಟಳು. "ಮಾತು ಆಮೇಲೆ. ಮೊದಲು ಇದನ್ನ ಓದ್ತೀನಿ," ಅಂದಳು.

ಬೇಡಕ್ಕ, ಇಷ್ಟು ಜನರ ಎದುರಿಗೆ ಬೇಡ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಅವಳ ಬಲಗೈ ಸೆರಗಿನ ಅಂಚಿಗೆ ಹೋಯಿತು. ಬೆರಳು ಹೊಸೆಯತೊಡಗಿತು. "ಮೂವತ್ತೈದು." ನಿಲುಗಡೆ. "ವರ್ಷ." ನಿಲುಗಡೆ. ಯಾರೋ ಕೆಮ್ಮಿದರು. ಹೊಸದಾಗಿ ಬಂದ ಇಬ್ಬರು ನೆಲ ನೋಡುತ್ತಿದ್ದರು. "ಒಂದೂ... ತಪ್ಪು... ನುಸುಳದಂತೆ... ನಮ್ಮ." ಅವಳ ಕಣ್ಣು ಸಾಲಿನ ಕೊನೆಯಿಂದ ಕೆಳಗಿನ ಸಾಲಿನ ಮೊದಲಿಗೆ ಬಂತು. ಬೆರಳು ತಿರುಗಿತು. "ನಮ್ಮ," ಅಂದಳು ಮತ್ತೆ.

ಕೋಣೆಯಲ್ಲಿ ಪಿಸುಮಾತು ಎದ್ದಿತು. ಅವಳು ಹಿಂದಿನ ಸಾಲಿನ ಕೊನೆಗೆ ಹೋದಳು. "ನಮ್ಮ." ಮತ್ತೆ ಕೆಳಗೆ. "ನಮ್ಮ." ಮಷೀನು ನಡೆಸುವವರು ಕಣ್ಣೊರೆಸಿಕೊಂಡರು. ಚಿಕ್ಕ ಯಜಮಾನರು ಮುಂದೆ ಬಂದು ಅವಳ ತೋಳು ಹಿಡಿದು, "ಅಕ್ಕ, ಸಾಕು, ಅಳಬೇಡಿ. ಕೂತ್ಕೊಳ್ಳಿ" ಅಂದರು. ನಾನೂ ಎದ್ದಿದ್ದೆ. ಅಕ್ಕ ಸಿಕ್ಕಿಹಾಕಿಕೊಂಡಳು, ಬೆರಳು ಕೈಕೊಟ್ಟಿತು ಎಂದೇ ನಾನು ತಿಳಿದಿದ್ದೆ. ಇಪ್ಪತ್ನಾಲ್ಕು ವರ್ಷ ಓದು ಕಲಿಸಿದ ಟೀಚರಿಗೆ, ಬೆನ್ನ ಹಿಂದೆ ಕೂತು ಕಲಿಸಿದ ಅಕ್ಕನ ಮೇಲೆ ಇದ್ದ ನಂಬಿಕೆ ಅಷ್ಟೇ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

"ನಾನ್ಯಾಕೆ ಅಳಲಿ?" ಅಂದಳು ಅಕ್ಕ. "ಎರಡು ಸಲ ಇದೆ."

"ಏನು?"

"ನಮ್ಮ. ಈ ಸಾಲಿನ ಕೊನೇಲಿ ಒಂದು, ಮುಂದಿನ ಸಾಲಿನ ಮೊದಲಲ್ಲಿ ಒಂದು. ಎರಡು ಇದೆ. ನೀವು ಒಂದೇ ಓದಿದ್ರಿ."

ಚಿಕ್ಕ ಯಜಮಾನರು ಬಗ್ಗಿ ನೋಡಿದರು. ಹೊಸಬರಿಬ್ಬರೂ ನೋಡಿದರು. ಆಮೇಲೆ ಇಡೀ ಕೋಣೆ ಮೇಜಿನ ಸುತ್ತ ಮುತ್ತಿಕೊಂಡಿತು. ಇತ್ತು. ಎರಡು ಸಲ, ದೊಡ್ಡ ಅಕ್ಷರದಲ್ಲಿ, 'ಒಂದೂ ತಪ್ಪು ನುಸುಳದಂತೆ' ಅನ್ನುವ ಮಾತಿಗೆ ತಾಗಿಕೊಂಡೇ. ಮಷೀನು ನಡೆಸುವವರು, "ಭೂತಗನ್ನಡಿ!" ಎಂದು ಎಲ್ಲರೆದುರಿಗೆ ಗಟ್ಟಿಯಾಗಿ ಕೂಗಿಯೇಬಿಟ್ಟರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವಳು ಆ ಹೆಸರಿಗೆ "ಏನಪ್ಪಾ" ಎಂದು ಓಗೊಟ್ಟಳು.

"ಪ್ರೂಫ್ ನೋಡಿದ್ದು ಯಾರು?" ಎಂದು ಕೇಳಿದಳು ಆಮೇಲೆ. ಅದೇ ಹಳೆಯ ಗಂಟಲು.

ಚಿಕ್ಕ ಯಜಮಾನರು ಹೆಸರು ಹೇಳಲಿಲ್ಲ, ಮರ್ಯಾದಸ್ಥರು. ಆದರೆ ಅವರ ಕಣ್ಣು ನನ್ನ ಕಡೆ ಜಾರಿತು, ಅದರ ಹಿಂದೆ ಇಪ್ಪತ್ತು ಜೊತೆ ಕಣ್ಣು. ನನ್ನ ಕ್ಲಾಸಿನ ಮಕ್ಕಳ ಹಾಗೆ ನಾನು ಕೈ ಎತ್ತಿದೆ.

"ಒಂದನೇ ಕ್ಲಾಸ್ ಟೀಚರ್!" ಅಂದಳು ಅಕ್ಕ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೀಪದ ಬುಡ ಕತ್ತಲು ಅಂದರೆ ಇದೇ ಇರಬೇಕು. "ಎಷ್ಟು ಸಲ ಓದ್ದೆ?"

"ಮೂರು ಸಲ. ಅಳು ಬಂತು ಅಕ್ಕ."

"ಅಳುತ್ತಾ ಪ್ರೂಫ್ ನೋಡಬಾರದು ಕಣೇ," ಅಂದಳು, ಧ್ವನಿ ಮೆತ್ತಗಾಗಿತ್ತು.

ಆಮೇಲೆ ಚಿಕ್ಕ ಯಜಮಾನರ ಕಡೆ ತಿರುಗಿದಳು. "ನೋಡಿ, ಪುಸ್ತಕ ನನ್ನಿಂದ ಇನ್ನು ಆಗಲ್ಲ. ಅದು ನನಗೂ ಗೊತ್ತು. ಆದ್ರೆ ಇಪ್ಪತ್ತಾರು ವರ್ಷ ನಾನು ಪದ ಬಿಟ್ಟು ಅಕ್ಷರ ನೋಡೋಕೆ ಒದ್ದಾಡಿದೀನಿ. ರಟ್ಟು ಮುಚ್ಚಿ, ಹಿಂದಿನಿಂದ ಓದಿ, ಏನೆಲ್ಲ ಮಾಡಿದೀನಿ. ಆದ್ರೂ ಕೆಲವು ಸಲ ತಲೆ ಊಹೆ ಮಾಡಿಬಿಡ್ತಿತ್ತು, ತಪ್ಪು ದಾಟಿ ಹೋಗ್ತಿತ್ತು. ಈಗ ಊಹೆ ಮಾಡೋಣ ಅಂದ್ರೂ ಆಗಲ್ಲ ನನಗೆ. ಒಂದೊಂದು ಅಕ್ಷರಾನೂ ಕೈಯಿಂದ ಮುಟ್ಟಿಯೇ ಮುಂದೆ ಹೋಗಬೇಕು. ಔಷಧಿ ಚೀಟಿ ನನಗೆ ಕೊಡಿ. ಗಂಟೆಗೆ ಎಷ್ಟು ಪುಟ ಅಂತ ಕೇಳಬೇಡಿ, ಎಷ್ಟು ತಪ್ಪು ಬಿಟ್ಟೆ ಅಂತ ಕೇಳಿ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಿದ್ರು ನಿಮ್ಮಪ್ಪ."

ಅಂಗಲಾಚಲ್ಲ ಅಂದವಳು ಅಂಗಲಾಚಲಿಲ್ಲ. ತಲೆ ಎತ್ತಿಕೊಂಡು ಕೇಳಿದಳು. ಆ ಕ್ಷಣ ನಾನು ಅವಳ ತಂಗಿ ಎಂದು ಬೀದಿ ಬೀದಿಯಲ್ಲಿ ಕೂಗಿ ಹೇಳಬೇಕು ಅನ್ನಿಸಿತು ನನಗೆ.

ಚಿಕ್ಕ ಯಜಮಾನರು ಪಕ್ಕದ ಕೋಣೆಗೆ ಹೋದರು. ವಾಪಸ್ ಬಂದಾಗ ಅವರ ಕೈಯಲ್ಲಿ ಅವಳ ಹಳೆಯ ಪೆನ್ಸಿಲ್ ಇತ್ತು. "ಈ ಪತ್ರ ಇನ್ನೊಂದು ಸಲ ಅಚ್ಚು ಹಾಕಿಸಿಕೊಡ್ತೀನಿ, ಅಕ್ಕ," ಅಂದರು. "ಸೋಮವಾರ ಬಂದು ನೀವೇ ಪ್ರೂಫ್ ನೋಡಿ. ಆಮೇಲೆ ಔಷಧಿ ಚೀಟಿ ಶುರು ಮಾಡಿ."

"ಇನ್ನೊಂದು ಸಲ ಬೇಡ," ಅಂದಳು ಅಕ್ಕ. ಚೌಕಟ್ಟನ್ನು ಮಗುಚಿ ಹಾಕಿ, ಹಿಂದಿನ ರಟ್ಟು ಬಿಚ್ಚಿ, ಹಾಳೆ ಹೊರಗೆ ತೆಗೆದಳು. ಎರಡನೆಯ 'ನಮ್ಮ' ಮೇಲೆ ಗೆರೆ ಎಳೆದು, ಅಂಚಿನಲ್ಲಿ 'ತೆಗೆಯಿರಿ' ಅನ್ನುವ ಕೊಕ್ಕೆ ಗುರುತು ಹಾಕಿದಳು. "ಒಂದು ಸಾಕು," ಅಂದಳು.

ಆ ಪತ್ರ ಈಗ ನಮ್ಮ ಮನೆಯ ಗೋಡೆಯ ಮೇಲಿದೆ, ಪೆನ್ಸಿಲ್ ಗುರುತಿನ ಸಮೇತ. ಬಂದವರು ಪತ್ರಕ್ಕಿಂತ ಮೊದಲು ಗುರುತು ನೋಡುತ್ತಾರೆ, ಅದನ್ನು ಹಾಕಿದ್ದು ಯಾರು ಎಂದು ಕೇಳುತ್ತಾರೆ. ನಾನು ಕಥೆ ಪೂರ್ತಿ ಹೇಳುತ್ತೇನೆ, ನನ್ನ ಪಾಲನ್ನೂ ಬಿಡುವುದಿಲ್ಲ.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಜಾಗವಿರಲಿಲ್ಲ. ನಾನು ಮುಂದೆ, ಅವಳು ನನ್ನ ಹಿಂದೆ ಕಂಬಿ ಹಿಡಿದು ನಿಂತಿದ್ದೆವು. ಸ್ವಲ್ಪ ದೂರ ಬಂದ ಮೇಲೆ ನನ್ನ ಬೆನ್ನ ಮೇಲೆ ಅವಳ ಬೆರಳು ಬಂತು. ನಾನು ಏಳು ವರ್ಷದವಳಿದ್ದಾಗ ಬಂದ ಹಾಗೆಯೇ, ನಿಧಾನವಾಗಿ, ಒಂದೊಂದೇ ಅಕ್ಷರ. ನಾನು ಕಣ್ಣು ಮುಚ್ಚಿಕೊಂಡು ಓದಿದೆ, ಈ ಸಲ ಒಂದನ್ನೂ ಬಿಡದೆ: ಸೋಮವಾರ ಬೇಗ ಎಬ್ಬಿಸು.